ಬಿಸಿಲೂರಿನ ಮನೆಗೆ ಪವರ್ ಸ್ಟೇಷನ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ರಾಯಚೂರು ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600, ಬಳ್ಳಾರಿ ಸಮೀಪದ ಕುಡತಿನಿಯಲ್ಲಿ 1,700. ಇಷ್ಟು ಸಾಮರ್ಥ್ಯದ ಮೂರು ಉಷ್ಣ ವಿದ್ಯುತ್ ಸ್ಥಾವರಗಳನ್ನು ಮಗ್ಗುಲಲ್ಲಿಟ್ಟುಕೊಂಡು ನಾವು ಮೇ ತಿಂಗಳ ರಾತ್ರಿ ಬೀಸಣಿಗೆ ಹುಡುಕುತ್ತೇವೆ. ದೀಪದ ಬುಡದಲ್ಲಿ ಕತ್ತಲೆ ಎಂದು ಯಾರಾದರೂ ಬೈದುಕೊಂಡರೆ ತಪ್ಪು ಹೇಳುವಂತಿಲ್ಲ. ಆದರೆ ಮನೆಯ ಕರೆಂಟ್ ಹೋಗುವುದಕ್ಕೆ ಹೆಚ್ಚಿನ ಸಲ ಸ್ಥಾವರ ಕಾರಣವಲ್ಲ. 2023ರ ಬರಗಾಲದಲ್ಲಿ ರಾಜ್ಯಕ್ಕೇ ವಿದ್ಯುತ್ ಸಾಲದೆ ಲೋಡ್ ಶೆಡ್ಡಿಂಗ್ ಆದದ್ದು ಬೇರೆ ಮಾತು. ಉಳಿದಂತೆ ಬೇಸಿಗೆಯ ಗಾಳಿಮಳೆಗೆ ಉರುಳಿದ ಕಂಬ, ಓಣಿಯವರೆಲ್ಲ ಒಟ್ಟಿಗೆ ಕೂಲರ್ ಹಾಕಿದಾಗ ಕೈಕೊಡುವ ಟ್ರಾನ್ಸ್‌ಫಾರ್ಮರ್, ಪತ್ರಿಕೆಯ ಒಳಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಪ್ರಕಟವಾಗುವ ಉಪಕೇಂದ್ರದ ದುರಸ್ತಿ ಕೆಲಸ, ಇವೇ ನಮ್ಮ ಪಾಲಿನ ಕತ್ತಲೆಗೆ ಕಾರಣ. ಇವು ಬೇಗ ಮುಗಿಯುವ ತೊಂದರೆಗಳಲ್ಲ. ಹಾಗಾಗಿ ಮನೆಯಲ್ಲಿ ಒಂದು ಪರ್ಯಾಯ ಬೇಕು ಎನ್ನುವುದರಲ್ಲಿ ವಿವಾದವಿಲ್ಲ.

ಈಗ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ‘ಪೋರ್ಟಬಲ್ ಪವರ್ ಸ್ಟೇಷನ್’ ಎಂಬ ಪೆಟ್ಟಿಗೆ ಸಿಗುತ್ತಿದೆ. ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರೂ ಒಂದೇ ಡಬ್ಬಿಯೊಳಗಿರುತ್ತವೆ. ಮೇಲೊಂದು ಹಿಡಿಕೆ, ಮುಂದೆ ಪ್ಲಗ್ ಹಾಕಲು ಸಾಕೆಟ್‌ಗಳು, ಯುಎಸ್‌ಬಿ ಕಿಂಡಿಗಳು. ಆಸಿಡ್ ಇಲ್ಲ, ಡಿಸ್ಟಿಲ್ಡ್ ವಾಟರ್ ಸುರಿಯುವ ಕೆಲಸವಿಲ್ಲ, ಗೋಡೆ ಕೊರೆಯುವುದಿಲ್ಲ. ನೋಡಲು ಚೆಂದ, ಬೆಲೆ ಮಾತ್ರ ಖಾರ. ಹಣ ಎಣಿಸುವ ಮೊದಲು ಈ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಬ್ರ್ಯಾಂಡ್ ಯಾವುದು ಎಂಬ ಪ್ರಶ್ನೆ ಕೊನೆಗೆ ಬರಬೇಕಾದದ್ದು, ಜನ ಅದರಿಂದಲೇ ಶುರು ಮಾಡುತ್ತಾರೆ.

ಹೆಜ್ಜೆ 1: ನಿಮಗೆ ಇದು ಬೇಕೇ ಎಂದು ನೋಡಿ

ಸ್ವಂತ ಮನೆಯಿದ್ದು, ವೈರಿಂಗ್ ಮಾಡಿಸುವಾಗಲೇ ಇನ್ವರ್ಟರ್ ಲೈನ್ ಎಳೆಸಿದ್ದರೆ, ಹೆಚ್ಚಿನವರಿಗೆ ಮಾಮೂಲಿ ಇನ್ವರ್ಟರ್ ಮತ್ತು 150 ಎಎಚ್ (ಆಂಪಿಯರ್ ಅವರ್) ಸಾಮರ್ಥ್ಯದ, ಟ್ಯೂಬ್ಯುಲರ್ ಎಂಬ ಸೀಸದ ಬ್ಯಾಟರಿಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆ ಬ್ಯಾಟರಿಯಲ್ಲಿ ಕಾಗದದ ಮೇಲೆ 12 ವೋಲ್ಟ್ ಗುಣಿಸು 150, ಅಂದರೆ 1,800 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ತುಂಬಿಡುವ ವಿದ್ಯುತ್ತಿನ ಅಳತೆ) ಇರುತ್ತದೆ. ಪೂರ್ತಿ ಖಾಲಿ ಮಾಡಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ, ಇನ್ವರ್ಟರ್‌ನಲ್ಲೂ ಒಂದಿಷ್ಟು ಸೋರಿಕೆ ಇರುತ್ತದೆ. ಎಲ್ಲ ಕಳೆದು ಕೈಗೆ ಬರುವುದು ಸುಮಾರು 900ರಿಂದ 1,000 ವ್ಯಾಟ್ ಅವರ್. ಒಳ್ಳೆಯ 1,000 ವ್ಯಾಟ್ ಅವರ್ ಪವರ್ ಸ್ಟೇಷನ್ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ, ಬೆಲೆ ಮಾತ್ರ ಸಾಮಾನ್ಯವಾಗಿ ದುಪ್ಪಟ್ಟಿಗಿಂತ ಮೇಲೆ. ಜೊತೆಗೆ ಸೀಸದ ಬ್ಯಾಟರಿ ಕೆಟ್ಟರೆ ಸಿಂಧನೂರು, ಗಂಗಾವತಿಯಂಥ ಊರಿನ ಬ್ಯಾಟರಿ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ, ಹಳೆಯದನ್ನು ಕೊಟ್ಟರೆ ಒಂದಿಷ್ಟು ಹಣವೂ ವಾಪಸ್ ಬರುತ್ತದೆ.

ಹಾಗಾದರೆ ಪವರ್ ಸ್ಟೇಷನ್ ಯಾರಿಗೆ? ಬಾಡಿಗೆ ಮನೆಯವರಿಗೆ, ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ಶಿಕ್ಷಕರು, ಬ್ಯಾಂಕ್ ನೌಕರರಿಗೆ. ಐವತ್ತು ಕಿಲೋ ದಾಟುವ ಟ್ಯೂಬ್ಯುಲರ್ ಬ್ಯಾಟರಿಯನ್ನು ಮಸ್ಕಿಯಿಂದ ಕುಷ್ಟಗಿಗೆ ಸಾಗಿಸುವುದಕ್ಕಿಂತ ಹತ್ತು ಹದಿನೈದು ಕಿಲೋದ ಡಬ್ಬಿ ಎತ್ತಿಕೊಂಡು ಹೋಗುವುದು ಸುಲಭ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ಇದು ಹೇಳಿ ಮಾಡಿಸಿದಂತಿದೆ: ಟೇಬಲ್ ಫ್ಯಾನ್, ಒಂದು ಬಲ್ಬು, ಮೊಬೈಲ್ ಚಾರ್ಜು, ಮೇಲೆ ಸಾಕೆಟ್ ಇಲ್ಲದಿದ್ದರೂ ನಡೆಯುತ್ತದೆ. ಮನೆಯಿಂದ ಕಂಪ್ಯೂಟರ್ ಕೆಲಸ ಮಾಡುವವರು, ಮದುವೆ ಮನೆಗೆ ಹೋಗುವ ಫೋಟೊಗ್ರಾಫರ್‌ಗಳು, ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ಮಳಿಗೆ ಹಾಕುವವರು ಕೂಡ ಈ ಸಾಲಿಗೆ ಸೇರುತ್ತಾರೆ. ಎತ್ತಿಕೊಂಡು ಹೋಗುವ ಅಗತ್ಯವೇ ಇಲ್ಲದವರು ಎತ್ತಿಕೊಂಡು ಹೋಗುವ ಅನುಕೂಲಕ್ಕೆ ಹಣ ಕೊಡಬೇಕಾಗಿಲ್ಲ.

ನಡುವಿನ ದಾರಿಯೂ ಒಂದಿದೆ. ಗೋಡೆಗೆ ನೇತುಹಾಕುವ, ಲಿಥಿಯಂ ಬ್ಯಾಟರಿ ಒಳಗೇ ಇರುವ ಇನ್ವರ್ಟರ್‌ಗಳು ಈಗ ಬಂದಿವೆ. ಸ್ವಂತ ಮನೆಯಿದ್ದು ನೀರು ತುಂಬಿಸುವ ರಗಳೆ ಬೇಡ ಎನ್ನುವವರು ಪವರ್ ಸ್ಟೇಷನ್‌ಗಿಂತ ಮೊದಲು ಅದನ್ನು ವಿಚಾರಿಸಿ.

ಹೆಜ್ಜೆ 2: ನಿಮ್ಮ ಫೀಡರ್‌ನ ಸ್ವಭಾವ ತಿಳಿಯಿರಿ

ಫೀಡರ್ ಎಂದರೆ ಉಪಕೇಂದ್ರದಿಂದ ನಿಮ್ಮ ಕಡೆಗೆ ಕರೆಂಟ್ ತರುವ ಲೈನ್. ಎರಡು ವಾರ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ: ಕರೆಂಟ್ ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು. ಸಾಧ್ಯವಾದರೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರೆದಿಡಿ, ಡಿಸೆಂಬರ್‌ನ ಲೆಕ್ಕ ನಂಬಿ ಮೋಸ ಹೋಗಬೇಡಿ. ದಿನಕ್ಕೆ ನಾಲ್ಕು ಸಲ ಹತ್ತು ಹತ್ತು ನಿಮಿಷ ಹೋಗುವ ಬಡಾವಣೆಗೂ, ತಿಂಗಳಿಗೊಮ್ಮೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೋಗುವ ಹಳ್ಳಿಗೂ ಬೇಕಾದ ಯಂತ್ರ ಬೇರೆ ಬೇರೆ. ಮೊದಲನೆಯವರಿಗೆ ಚಿಕ್ಕದು ಸಾಕು, ಆದರೆ ಕರೆಂಟ್ ಹೋದ ಕ್ಷಣದಲ್ಲೇ ತಾನಾಗಿ ಬದಲಾಗಬೇಕು. ಎರಡನೆಯವರಿಗೆ ದೊಡ್ಡ ಬ್ಯಾಟರಿ ಬೇಕು, ಪ್ಲಗ್ ಬದಲಿಸಲು ಅರ್ಧ ನಿಮಿಷ ಹೋದರೆ ನಷ್ಟವಿಲ್ಲ. ಜೆಸ್ಕಾಂನ 1912ಕ್ಕೆ ದೂರು ಕೊಟ್ಟ ಮೇಲೆ ಕರೆಂಟ್ ಬರಲು ಸಾಮಾನ್ಯವಾಗಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ನೀವು ನೀಗಿಸಬೇಕಾದ ಅವಧಿ ಅದೇ.

ಹೆಜ್ಜೆ 3: ವ್ಯಾಟ್ ಅವರ್ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹಣ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ.

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ವ್ಯಾಟ್ ಎಂದರೆ ಒಂದೇ ಹೊತ್ತಿಗೆ ಎಷ್ಟು ಭಾರ ಹೊರುತ್ತದೆ ಎಂಬುದು, ವ್ಯಾಟ್ ಅವರ್ ಎಂದರೆ ಎಷ್ಟು ಹೊತ್ತು ಹೊರುತ್ತದೆ ಎಂಬುದು. ‘1,000 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದು, ಬ್ಯಾಟರಿ 500 ವ್ಯಾಟ್ ಅವರ್ ಎಂಬುದನ್ನು ಹಿಂಬದಿಯ ಸಣ್ಣಕ್ಷರಕ್ಕೆ ತಳ್ಳುವವರಿದ್ದಾರೆ. ಇನ್ನೂ ಕೆಲವರು ವ್ಯಾಟ್ ಅವರ್ ಬಿಟ್ಟು ‘1,00,000 ಎಂಎಎಚ್’ ಎಂದು ಬರೆಯುತ್ತಾರೆ. ಅದು 100 ಎಎಚ್ ಆಯಿತಲ್ಲ, ಮನೆಯ ಇನ್ವರ್ಟರ್ ಬ್ಯಾಟರಿಗೆ ಸಮವಾಯಿತಲ್ಲ ಎಂದು ಗ್ರಾಹಕರು ಹಿಗ್ಗುತ್ತಾರೆ. ಇನ್ವರ್ಟರ್ ಬ್ಯಾಟರಿಯ 100 ಎಎಚ್ 12 ವೋಲ್ಟ್‌ನಲ್ಲಿ ಅಳೆದದ್ದು, ಅಂದರೆ 1,200 ವ್ಯಾಟ್ ಅವರ್. ಡಬ್ಬಿಯ ಮೇಲಿನ ಎಂಎಎಚ್ ಸಾಮಾನ್ಯವಾಗಿ ಒಂದು ಸೆಲ್ಲಿನ 3.2 ಅಥವಾ 3.7 ವೋಲ್ಟ್‌ನಲ್ಲಿ ಅಳೆದದ್ದು, ಅಂದರೆ 320ರಿಂದ 370 ವ್ಯಾಟ್ ಅವರ್ ಮಾತ್ರ. ವ್ಯಾಟ್ ಅವರ್ ಎಷ್ಟು ಎಂದು ನೇರವಾಗಿ ಹೇಳದ ಮಾರಾಟಗಾರರಿಂದ ಏನನ್ನೂ ಕೊಳ್ಳಬೇಡಿ.

ಇನ್ನು ಮನೆಯ ಖರ್ಚು. ರಾಯಚೂರಿನ ಎರಡು ಕೋಣೆಯ ಬಾಡಿಗೆ ಮನೆ, ರಾತ್ರಿ ನಾಲ್ಕು ಗಂಟೆ ಕರೆಂಟ್ ಇಲ್ಲ ಎಂದುಕೊಳ್ಳಿ. ಹಳೆಯ ಬಗೆಯ ಸೀಲಿಂಗ್ ಫ್ಯಾನ್ ತಲಾ 75 ವ್ಯಾಟ್. ಎರಡು ಫ್ಯಾನ್ ನಾಲ್ಕು ಗಂಟೆ ತಿರುಗಿದರೆ 600 ವ್ಯಾಟ್ ಅವರ್. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬಿಗೆ 72. ವೈಫೈ ರೂಟರ್‌ಗೆ 40. ಎರಡು ಮೊಬೈಲ್‌ಗೆ 30. ಒಟ್ಟು 742. ಬ್ಯಾಟರಿಯಲ್ಲಿರುವುದೆಲ್ಲ ಸಾಕೆಟ್‌ಗೆ ಬರುವುದಿಲ್ಲ. ಒಳಗಿನ ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಸಾಮಾನ್ಯವಾಗಿ ನೂರಕ್ಕೆ 85 ಸಿಗುತ್ತದೆ ಎಂದು ಹಿಡಿಯಿರಿ. 742ನ್ನು 0.85ರಿಂದ ಭಾಗಿಸಿದರೆ ಸುಮಾರು 873. ಅಂದರೆ 1,000 ವ್ಯಾಟ್ ಅವರ್‌ನ ಯಂತ್ರ ಬೇಕಾಯಿತು.

ಈಗ ಅದೇ ಮನೆಯಲ್ಲಿ ಎರಡೂ ಫ್ಯಾನ್ ಬದಲಿಸಿ ಕಡಿಮೆ ವಿದ್ಯುತ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಹಾಕಿ. ಪೂರ್ತಿ ವೇಗದಲ್ಲೂ ಅವು ತಲಾ 30 ವ್ಯಾಟ್‌ನ ಆಸುಪಾಸಿನಲ್ಲಿ ತಿರುಗುತ್ತವೆ. ಫ್ಯಾನ್ ಖರ್ಚು 600ರಿಂದ 240ಕ್ಕೆ ಇಳಿಯಿತು, ಒಟ್ಟು 382, ಸೋರಿಕೆ ಸೇರಿ 450. ಐನೂರು ವ್ಯಾಟ್ ಅವರ್‌ನ ಯಂತ್ರ ಸಾಕು! ಎರಡು ಫ್ಯಾನ್‌ಗೆ ಕೊಡುವ ಐದಾರು ಸಾವಿರ ರೂಪಾಯಿ ಪವರ್ ಸ್ಟೇಷನ್‌ನ ಬೆಲೆಯಲ್ಲಿ ಅದರ ಎಷ್ಟೋ ಪಟ್ಟು ಉಳಿಸುತ್ತದೆ, ಕರೆಂಟ್ ಇದ್ದಾಗಿನ ಬಿಲ್ಲೂ ಇಳಿಯುತ್ತದೆ. ಪವರ್ ಸ್ಟೇಷನ್ ಕೊಳ್ಳಲು ಹೊರಟ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ: ಮೊದಲು ಫ್ಯಾನ್ ಬದಲಿಸಿ.

ಆದರೆ ನಮ್ಮ ಕಡೆಯ ಬೇಸಿಗೆ ಬರೀ ಫ್ಯಾನಿಗೆ ಬಗ್ಗುವುದಿಲ್ಲ ಎಂದು ನೀವು ಹೇಳಬಹುದು, ನಿಜ. ಮನೆಬಳಕೆಯ ಏರ್ ಕೂಲರ್ 100ರಿಂದ 200 ವ್ಯಾಟ್ ಕೇಳುತ್ತದೆ. 150 ಎಂದು ಹಿಡಿದರೆ ನಾಲ್ಕು ಗಂಟೆಗೆ 600, ಸೋರಿಕೆ ಸೇರಿ 700 ವ್ಯಾಟ್ ಅವರ್. ಕೂಲರ್ ಬೇಕೇ ಬೇಕು ಎನ್ನುವ ಮನೆಗೆ 1,000ಕ್ಕಿಂತ ಕಡಿಮೆಯದು ನಡೆಯುವುದಿಲ್ಲ. ಒಂದೂವರೆ ಟನ್‌ನ ಎಸಿಯ ಆಸೆಯನ್ನು ಇಲ್ಲಿಗೇ ಬಿಡಿ. ಸಾವಿರ ವ್ಯಾಟ್ ಅವರ್‌ನ ಯಂತ್ರ ಅದನ್ನು ಎತ್ತಿದರೂ ಒಂದು ಗಂಟೆ ನಡೆಸುವುದು ಕಷ್ಟ.

ಫ್ರಿಜ್ ಬಗ್ಗೆ ಜನರಿಗೆ ಅನಗತ್ಯ ಆತಂಕ. ಬಾಗಿಲು ತೆರೆಯದೇ ಇದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಅಷ್ಟರೊಳಗೆ ಕರೆಂಟ್ ಬರುವ ಊರಾದರೆ ಫ್ರಿಜ್‌ಗಾಗಿ ದೊಡ್ಡ ಯಂತ್ರ ಬೇಡ. ಇನ್ಸುಲಿನ್ ಇಟ್ಟಿರುವ ಮನೆಯ ಮಾತು ಬೇರೆ. ಬಳಸಲು ತೆಗೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ನಮ್ಮ ಮೇ ತಿಂಗಳಲ್ಲಿ ಅದರ ಜೊತೆ ಹುಡುಗಾಟ ಬೇಡ.

ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿರುವ ರೋಗಿ ಇದ್ದರೆ ಲೆಕ್ಕ ಇನ್ನೂ ಕಟ್ಟುನಿಟ್ಟಾಗಬೇಕು. ಐದು ಲೀಟರ್‌ನ ಕಾನ್ಸೆಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. 1,000 ವ್ಯಾಟ್ ಅವರ್‌ನ ಯಂತ್ರದಲ್ಲಿ ಅದು ಎರಡೂವರೆ ಗಂಟೆಯೂ ನಡೆಯುವುದಿಲ್ಲ. ಅಂಥ ಮನೆಯಲ್ಲಿ ಪವರ್ ಸ್ಟೇಷನ್ ಇದ್ದರೂ ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿರಲೇಬೇಕು. ಎಷ್ಟು ಹೊತ್ತಿಗೆ ಸಾಲುವಷ್ಟು ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.

ಇನ್ನೊಂದು ಸೂಕ್ಷ್ಮ. ಬರೀ 10 ವ್ಯಾಟ್‌ನ ರೂಟರ್ ಹಾಕಿದರೆ 1,000 ವ್ಯಾಟ್ ಅವರ್ ನೂರು ಗಂಟೆ ಬರಬೇಕಲ್ಲವೇ? ಬರುವುದಿಲ್ಲ. 230 ವೋಲ್ಟ್ ಸಾಕೆಟ್ ಆನ್ ಆಗಿದ್ದಷ್ಟು ಹೊತ್ತೂ ಒಳಗಿನ ಇನ್ವರ್ಟರ್ ತಾನೇ 10ರಿಂದ 20 ವ್ಯಾಟ್ ತಿನ್ನುತ್ತಿರುತ್ತದೆ. ರೂಟರ್‌ಗಿಂತ ಅದರ ಊಟವೇ ದೊಡ್ಡದಾಗಿ, ನೂರು ಗಂಟೆ ಮೂವತ್ತೈದು ನಲವತ್ತಕ್ಕೆ ಇಳಿಯುತ್ತದೆ. ಚಿಕ್ಕ ವಸ್ತುಗಳನ್ನು ಯುಎಸ್‌ಬಿ ಅಥವಾ 12 ವೋಲ್ಟ್ ಕಿಂಡಿಗೆ ಸಿಕ್ಕಿಸಿ. ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಮಾತ್ರ. ನಿಮಗೆ ಬೇಕಾದದ್ದು ಇಂಟರ್‌ನೆಟ್ ನಿಲ್ಲದಿರುವುದಷ್ಟೇ ಎಂದಾದರೆ ಸಾವಿರ ಎರಡು ಸಾವಿರಕ್ಕೆ ಸಿಗುವ ರೂಟರ್ ಯುಪಿಎಸ್ ತಂದು ಈ ಲೇಖನ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಹೆಜ್ಜೆ 4: ಮೋಟಾರ್ ಇದೆಯೇ?

ಫ್ರಿಜ್, ಮಿಕ್ಸಿ, ಸಂಪಿನ ಪಂಪು, ಇವೆಲ್ಲ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಅರ್ಧ ಎಚ್‌ಪಿ ಪಂಪು ಓಡುವಾಗ 500ರಿಂದ 700 ವ್ಯಾಟ್ ತೆಗೆದುಕೊಂಡರೂ ಏಳುವಾಗ ಅದರ ಮೂರರಿಂದ ಆರು ಪಟ್ಟು ಕೇಳಬಹುದು. ಯಂತ್ರದ ವಿವರದಲ್ಲಿ ‘ಸರ್ಜ್’ ಎಂದು ಬರೆದಿರುವ ಸಂಖ್ಯೆ ಇದಕ್ಕಾಗಿಯೇ ಇರುವುದು. ಅದು ಸಾಲದಿದ್ದರೆ ಪಂಪು ಗುಂಯ್‌ಗುಟ್ಟಿ ಯಂತ್ರ ತಾನೇ ಆಫ್ ಆಗುತ್ತದೆ. ಕೆಲವು ಕಂಪನಿಗಳು 1,000 ವ್ಯಾಟ್‌ನ ಯಂತ್ರದಲ್ಲಿ 1,500 ವ್ಯಾಟ್ ಸಾಮಾನನ್ನೂ ನಡೆಸಬಹುದು ಎಂದು ಹೇಳುತ್ತವೆ. ಅಲ್ಲಿ ನಡೆಯುವುದು ವೋಲ್ಟೇಜ್ ಇಳಿಸುವ ಉಪಾಯ. ನೀರು ಕಾಯಿಸುವ ಕೆಟಲ್‌ನಂಥ ವಸ್ತುವಿಗೆ ಅದು ನಡೆದೀತು, ಮೋಟಾರಿಗೆ ಒಳ್ಳೆಯದಲ್ಲ.

ನೀರಿನ ವಿಚಾರದಲ್ಲಿ ಸರಳ ಪರಿಹಾರ ಬೇರೆಯೇ ಇದೆ: ಕರೆಂಟ್ ಇದ್ದಾಗ ಮೇಲಿನ ಟ್ಯಾಂಕ್ ತುಂಬಿಸಿಟ್ಟುಕೊಳ್ಳಿ. ಬೋರ್‌ವೆಲ್ ಮೋಟಾರನ್ನು ಈ ಡಬ್ಬಿಯಿಂದ ಎಬ್ಬಿಸುವ ಯೋಚನೆ ಮಾಡಬೇಡಿ.

ಔಟ್‌ಪುಟ್ ‘ಪ್ಯೂರ್ ಸೈನ್ ವೇವ್’ ಎಂದಿರಬೇಕು, ಅಂದರೆ ಮನೆಯ ಲೈನಿನ ಕರೆಂಟಿನಂಥದೇ ನಯವಾದ ಅಲೆ. ಅಗ್ಗದ ಯಂತ್ರಗಳಲ್ಲಿ ಅದಿರುವುದಿಲ್ಲ. ಫ್ಯಾನ್ ಸದ್ದು ಮಾಡುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಹೆಜ್ಜೆ 5: ಬಿಸಿಲಿಗೆ ಒಗ್ಗುವುದೇ ಕೇಳಿ

ಬೆಂಗಳೂರಿನವರು ಬರೆದ ವಿಮರ್ಶೆಗಳಲ್ಲಿ ಈ ಪ್ರಶ್ನೆ ಬರುವುದು ಕಡಿಮೆ. ನಮಗೆ ಇದೇ ಮುಖ್ಯ. ಬಹುತೇಕ ಪವರ್ ಸ್ಟೇಷನ್‌ಗಳ ಕೈಪಿಡಿಯಲ್ಲಿ 40 ಅಥವಾ 45 ಡಿಗ್ರಿಯವರೆಗೆ ಮಾತ್ರ ಚಾರ್ಜ್ ಮಾಡಿ, ಬಳಸಿ ಎಂದು ಬರೆದಿರುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊರಗಿನ ನೆರಳೇ 40 ದಾಟುತ್ತದೆ. ತಗಡಿನ ಶೀಟಿನ ಕೋಣೆಯೊಳಗೆ, ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಮಿತಿ ದಾಟಿದರೆ ಒಳ್ಳೆಯ ಯಂತ್ರ ಚಾರ್ಜಿಂಗನ್ನು ತಾನೇ ನಿಲ್ಲಿಸುತ್ತದೆ. ಕರೆಂಟ್ ಬಂದಿದ್ದ ಎರಡು ಗಂಟೆಯಲ್ಲಿ ಅದು ತುಂಬಿರುತ್ತದೆ ಎಂದು ನೀವು ನಂಬಿಕೊಂಡಿದ್ದರೆ ರಾತ್ರಿ ಅರ್ಧ ಖಾಲಿ ಡಬ್ಬಿ ಸಿಗುತ್ತದೆ. ಕೆಟ್ಟ ಯಂತ್ರ ನಿಲ್ಲಿಸದೇ ಚಾರ್ಜ್ ಮಾಡುತ್ತದೆ, ಅದು ಇನ್ನೂ ಕೆಡುಕು.

ಕೊಳ್ಳುವಾಗ ಒಳಗಿನ ಸೆಲ್ ‘ಲಿಥಿಯಂ ಐರನ್ ಫಾಸ್ಫೇಟ್’ ಎಂದಿರಬೇಕು. ಎಲ್‌ಎಫ್‌ಪಿ ಎಂದೂ ಬರೆದಿರುತ್ತಾರೆ. ‘ಎನ್‌ಎಂಸಿ’ ಅಥವಾ ಬರೀ ‘ಲಿಥಿಯಂ ಅಯಾನ್’ ಎಂದಿದ್ದರೆ ಅದು ಹಗುರ, ಆದರೆ ಬಿಸಿ ತಾಳುವ ಶಕ್ತಿ ಕಡಿಮೆ, ಆಯಸ್ಸೂ ಕಡಿಮೆ. ಎನ್‌ಎಂಸಿ ಸಾಮಾನ್ಯವಾಗಿ 500ರಿಂದ 1,000 ಸಲ ಚಾರ್ಜಾಗುವ ಹೊತ್ತಿಗೆ ಸುಸ್ತಾದರೆ, ಎಲ್‌ಎಫ್‌ಪಿ 2,000ದಿಂದ 4,000 ಸಲ ತಾಳುತ್ತದೆ. ಮನೆಯೊಳಗೆ, ಮಕ್ಕಳು ಮಲಗುವ ಕೋಣೆಯ ಹತ್ತಿರ ಇಡುವ ವಸ್ತು ಇದು. ಎರಡು ಕಿಲೋ ಭಾರ ಹೆಚ್ಚಾದರೂ ಎಲ್‌ಎಫ್‌ಪಿಯನ್ನೇ ಆರಿಸಿ.

ಹಾಗೆಂದು ‘6,000 ಸೈಕಲ್’ ಎಂಬ ಬರಹಕ್ಕೆ ಹೆಚ್ಚುವರಿ ಹಣ ಸುರಿಯಬೇಡಿ. ಒಮ್ಮೆ ಪೂರ್ತಿ ತುಂಬಿ ಖಾಲಿಯಾದರೆ ಒಂದು ಸೈಕಲ್. ವಾರಕ್ಕೆ ಮೂರು ಸಲ ಪೂರ್ತಿ ಖಾಲಿ ಮಾಡಿದರೂ ವರ್ಷಕ್ಕೆ ಸುಮಾರು 150 ಸೈಕಲ್. 3,000 ಸೈಕಲ್ ಮುಗಿಯಲು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಬಿಸಿಲಿನಿಂದಲೋ, ಬರೀ ವಯಸ್ಸಿನಿಂದಲೋ, ಒಳಗಿನ ಬೋರ್ಡು ಸುಟ್ಟೋ ಯಂತ್ರ ಕೆಟ್ಟಿರುತ್ತದೆ.

ಇಡುವ ಜಾಗ ಆಯ್ಕೆ ಮಾಡುವುದೂ ಕೊಳ್ಳುವಷ್ಟೇ ಮುಖ್ಯ. ಬೀರುವಿನ ಮೇಲೆ, ಅಟ್ಟದ ಮೇಲೆ ಬೇಡ, ಸ್ಲ್ಯಾಬ್‌ನ ಕಾವು ಅಲ್ಲೇ ನಿಲ್ಲುತ್ತದೆ. ಬಿಸಿಲು ಬೀಳದ ಕೋಣೆಯ ನೆಲವೇ ಉತ್ತಮ, ಶಹಾಬಾದ್ ಕಲ್ಲಿನ ನೆಲವಾದರೆ ಇನ್ನೂ ಒಳ್ಳೆಯದು. ಸುತ್ತ ಒಂದು ಗೇಣು ಜಾಗ ಬಿಡಿ, ಮೇಲೆ ಬಟ್ಟೆ ಹೊದಿಸಬೇಡಿ, ಮನೆಯಿಂದ ಹೊರಗೋಡುವ ದಾರಿಗೆ ಅಡ್ಡವಾಗಿ ಇಡಬೇಡಿ. ಸಂಡೂರಿನ ಕೆಂಪು ಧೂಳು, ಶಕ್ತಿನಗರ ಕುಡತಿನಿ ಕಡೆಯ ಬೂದಿ ಇವುಗಳನ್ನು ಒಳಗಿನ ಪುಟ್ಟ ಫ್ಯಾನ್ ಎಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಜಾಲರಿಯ ಧೂಳು ತೆಗೆಯಿರಿ. ಮಾಳಿಗೆಗೆ ಒಯ್ದದ್ದನ್ನು ಬೆಳಗ್ಗೆ ಹೊತ್ತು ಏರುವ ಮೊದಲೇ ಕೆಳಗಿಳಿಸಿ.

ಹೆಜ್ಜೆ 6: ಚಾರ್ಜ್ ಮಾಡುವ ದಾರಿ

‘ಒಂದು ಗಂಟೆಯಲ್ಲಿ ಫುಲ್ ಚಾರ್ಜ್’ ಎಂಬುದು ಜಾಹೀರಾತಿನ ಮೆಚ್ಚಿನ ಸಾಲು. 1,000 ವ್ಯಾಟ್ ಅವರ್ ಒಂದು ಗಂಟೆಯಲ್ಲಿ ತುಂಬಬೇಕೆಂದರೆ ಸಾವಿರ ವ್ಯಾಟ್‌ಗೂ ಮೇಲೆ ಎಳೆಯಬೇಕು. ಮನೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದು, 230 ವೋಲ್ಟ್‌ನಲ್ಲಿ ಅದರ ಮಿತಿ 1,380 ವ್ಯಾಟ್. ಹಳೆಯ ಬಾಡಿಗೆ ಮನೆಯ ವೈರು, ಸಡಿಲಗೊಂಡ ಸಾಕೆಟ್, ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಓಣಿ, ಮೂರೂ ಸೇರಿದರೆ ಪ್ಲಗ್ ಕರಗುತ್ತದೆ. 16 ಆಂಪಿಯರ್ ಸಾಕೆಟ್ ಬಳಸಿ, ಇಲ್ಲವೇ ಯಂತ್ರದಲ್ಲಿ ನಿಧಾನ ಚಾರ್ಜಿಂಗ್ ಆಯ್ಕೆ ಇದೆಯೇ ನೋಡಿ. 200, 300 ವ್ಯಾಟ್‌ಗೆ ಇಳಿಸುವ ಅವಕಾಶವಿರುವ ಯಂತ್ರ ನಮ್ಮ ಊರುಗಳಿಗೆ ಹೆಚ್ಚು ಯೋಗ್ಯ. ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ಚಾರ್ಜ್ ಸ್ವೀಕರಿಸುತ್ತದೆ ಎಂಬುದನ್ನೂ ಕೇಳಿ, 200ಕ್ಕಿಂತ ಕೆಳಗೆ ಸ್ವೀಕರಿಸದ ಯಂತ್ರ ಹಳ್ಳಿಯ ಲೈನಿನಲ್ಲಿ ಮುಷ್ಕರ ಹೂಡುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬೇಡ, ನಸುಕಿನಲ್ಲಿ ಚಾರ್ಜ್ ಮಾಡಿ.

ಗೃಹಜ್ಯೋತಿಯ ಮನೆಯವರು ಒಂದು ವಿಷಯ ಗಮನಿಸಬೇಕು. ಪವರ್ ಸ್ಟೇಷನ್ ಅನ್ನು ಒಳಗಿನ ಇನ್ವರ್ಟರ್ ಆನ್ ಆಗಿರುವಂತೆ ಇಪ್ಪತ್ತನಾಲ್ಕು ಗಂಟೆ ಪ್ಲಗ್‌ನಲ್ಲೇ ಬಿಟ್ಟರೆ 15 ವ್ಯಾಟ್‌ನ ಲೆಕ್ಕದಲ್ಲಿ ತಿಂಗಳಿಗೆ 10.8 ಯೂನಿಟ್ ಆಗುತ್ತದೆ. ನಿಮ್ಮ ಬಳಕೆ 190ರ ಸುತ್ತಮುತ್ತ ಇದ್ದರೆ ಇದೊಂದೇ ನಿಮ್ಮನ್ನು 200 ದಾಟಿಸಬಹುದು, ದಾಟಿದರೆ ಪೂರ್ತಿ ಬಿಲ್ ನಿಮ್ಮದು.

ಸೋಲಾರ್ ಪ್ಯಾನೆಲ್ ಜೋಡಿಸುವ ಆಸೆ ಸಹಜ, ಬಿಸಿಲಿಗೇನೂ ಬರವಿಲ್ಲ. ಆದರೆ ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಕಾದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ, ಧೂಳು ಕೂತರೆ ಮತ್ತಷ್ಟು. 200 ವ್ಯಾಟ್‌ನ ಮಡಚುವ ಪ್ಯಾನೆಲ್ ನಡುಮಧ್ಯಾಹ್ನ 120ರಿಂದ 150 ವ್ಯಾಟ್ ಕೊಟ್ಟರೆ ಸಂತೋಷಪಡಿ. ಒಳ್ಳೆಯ ದಿನದಲ್ಲಿ 700 ವ್ಯಾಟ್ ಅವರ್‌ನ ಆಸುಪಾಸು ಬರುತ್ತದೆ. ಮನೆಯ ಮೇಲೆ ಹಾಕುವ ದೊಡ್ಡ ಪ್ಯಾನೆಲ್ ತಂದು ಜೋಡಿಸುವವರು ಅದರ ಹಿಂಬದಿಯ ಚೀಟಿಯಲ್ಲಿ ‘ವಿಒಸಿ’ ಎಂಬ ವೋಲ್ಟೇಜ್ (ಏನನ್ನೂ ಜೋಡಿಸದಿರುವಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್) ಓದಬೇಕು. ಐನೂರು ವ್ಯಾಟ್‌ನ ಪ್ಯಾನೆಲ್‌ನಲ್ಲಿ ಅದು 50 ವೋಲ್ಟ್‌ನ ಹತ್ತಿರ ಇರುತ್ತದೆ. ಯಂತ್ರದ ಸೋಲಾರ್ ಮಿತಿ 60 ವೋಲ್ಟ್ ಆಗಿದ್ದು ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ನೂರು ವೋಲ್ಟ್ ಹೋಗಿ ಒಳಗಿನ ಸರ್ಕೀಟ್ ಸುಡುತ್ತದೆ, ಅದಕ್ಕೆ ವಾರಂಟಿ ಸಿಗುವುದಿಲ್ಲ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿ ಸೋಲಾರ್ ಹಾಕಿಸಿದವರು ಕೇಳುವ ಪ್ರಶ್ನೆ: ಮೇಲೆ ಪ್ಯಾನೆಲ್ ಇದ್ದರೂ ಕರೆಂಟ್ ಹೋದಾಗ ಮನೆ ಏಕೆ ಕತ್ತಲು? ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ತಾನಾಗಿ ನಿಲ್ಲಬೇಕೆಂಬುದು ನಿಯಮ, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್‌ನ ಜೀವಕ್ಕಾಗಿ. ಪವರ್ ಸ್ಟೇಷನ್ ತೋರಿಸಿ ಅದನ್ನು ಎಬ್ಬಿಸುವ ಪ್ರಯೋಗ ಮಾಡಬೇಡಿ.

ಹೆಜ್ಜೆ 7: ತಾನಾಗಿ ಬದಲಾಗುವುದೇ?

ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದವರಿಗೆ, ಕರೆಂಟ್ ಆಗಾಗ ಹೋಗುವ ಬಡಾವಣೆಯವರಿಗೆ ಮಾತ್ರ ಈ ಹೆಜ್ಜೆ. ಕರೆಂಟ್ ಹೋದಾಗ ಎಷ್ಟು ಮಿಲಿಸೆಕೆಂಡ್‌ನಲ್ಲಿ ಬ್ಯಾಟರಿಗೆ ಬದಲಾಗುತ್ತದೆ ಎಂದು ಕೇಳಿ. 20 ಅಥವಾ ಅದಕ್ಕಿಂತ ಕಡಿಮೆ ಎಂದರೆ ಹೆಚ್ಚಿನ ಕಂಪ್ಯೂಟರ್‌ಗಳು ಆರುವುದಿಲ್ಲ. ಮನೆಗೆ ತಂದು ಖಾಲಿ ಕಡತ ತೆರೆದಿಟ್ಟುಕೊಂಡು ಗೋಡೆಯ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ.

ಹೆಜ್ಜೆ 8: ಮುದ್ರೆ, ವಾರಂಟಿ, ಸರ್ವಿಸ್

ಅಮೆರಿಕದಲ್ಲಿರುವ ಮಗ ಬರುವಾಗ ತರುತ್ತಾನೆ ಎನ್ನುವವರಿದ್ದಾರೆ. ತರಲಾಗುವುದಿಲ್ಲ. 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ. ಹೇಗೋ ಬಂದರೂ ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮ ಮನೆಯದು 230 ವೋಲ್ಟ್, 50 ಹರ್ಟ್ಸ್. ಆನ್‌ಲೈನ್‌ನಲ್ಲಿ ಕೊಳ್ಳುವಾಗಲೂ ಈ ಎರಡು ಸಂಖ್ಯೆ ನೋಡಿ. ಮೂರು ಪಿನ್ನಿನ ಭಾರತೀಯ ಪ್ಲಗ್ ಸರಿಯಾಗಿ ಕೂರುತ್ತದೆಯೇ ಎಂದೂ ನೋಡಿ.

ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಮುದ್ರೆ ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಡಬ್ಬಿಯ ಮೇಲಿರಬೇಕು. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಮೊಬೈಲ್ ಚಾರ್ಜರ್‌ಗೆ ಪಡೆದ ಸಂಖ್ಯೆಯನ್ನು ಪವರ್ ಸ್ಟೇಷನ್ ಮೇಲೆ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಐದು ವರ್ಷದ ವಾರಂಟಿ ಎಂದರೆ ಸಾಲದು. ಸರ್ವಿಸ್ ಸೆಂಟರ್ ಎಲ್ಲಿದೆ? ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಇದ್ದರೆ ಅಲ್ಲಿಗೆ ಒಯ್ಯುವ ಖರ್ಚು ಯಾರದು? ದೊಡ್ಡ ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, ಎಲ್ಲ ಕೊರಿಯರ್‌ನವರೂ ಮುಟ್ಟುವುದಿಲ್ಲ. ಆದ್ದರಿಂದ ಕಂಪನಿಯೇ ಮನೆಗೆ ಬಂದು ಒಯ್ಯುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಬಂದ ಪೆಟ್ಟಿಗೆ ಮತ್ತು ಥರ್ಮೋಕೋಲನ್ನು ಎಸೆಯಬೇಡಿ. ಜಿಎಸ್‌ಟಿ ಬಿಲ್ ಇಲ್ಲದೆ ಸಾವಿರ ರೂಪಾಯಿ ಕಡಿಮೆ ಮಾಡುತ್ತೇನೆ ಎನ್ನುವವರಿಗೆ ಕೈಮುಗಿದು ಮುಂದಿನ ಅಂಗಡಿಗೆ ಹೋಗಿ.

ಉಳಿದವರಲ್ಲಿ ಯಾರು ಅಗ್ಗ ಎಂದು ತಿಳಿಯಲು ಬೆಲೆಯನ್ನು ವ್ಯಾಟ್ ಅವರ್‌ನಿಂದ ಭಾಗಿಸಿ. 45,000 ರೂಪಾಯಿಗೆ 600 ವ್ಯಾಟ್ ಅವರ್ ಎಂದರೆ ವ್ಯಾಟ್ ಅವರ್‌ಗೆ 75 ರೂಪಾಯಿ. 65,000ಕ್ಕೆ 1,000 ಎಂದರೆ 65. ಬಣ್ಣದ ಪರದೆ, ಟಾರ್ಚು, ಆ್ಯಪ್ ಇವೆಲ್ಲ ಆಮೇಲೆ.

ಹೆಜ್ಜೆ 9: ಮನೆಗೆ ತಂದ ಮೊದಲ ವಾರ

ಪೆಟ್ಟಿಗೆ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಹಿಂತಿರುಗಿಸುವ ಗಡುವು ಮುಗಿಯುವ ಮೊದಲೇ ಸಾಮರ್ಥ್ಯ ಪರೀಕ್ಷಿಸಿ. ಕೆಲವು ನೂರು ರೂಪಾಯಿಗೆ ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್ ಸಿಗುತ್ತದೆ. ಯಂತ್ರವನ್ನು ಪೂರ್ತಿ ತುಂಬಿಸಿ, ಮೀಟರ್ ಮೂಲಕ ಕೂಲರ್ ಅಥವಾ ಫ್ಯಾನ್‌ಗಳನ್ನು ಹಾಕಿ, ತಾನಾಗಿ ಆರುವವರೆಗೆ ಬಿಡಿ. 1,000 ವ್ಯಾಟ್ ಅವರ್ ಎಂದು ಬರೆದ ಯಂತ್ರದಿಂದ 800ರಿಂದ 900 ಬಂದರೆ ಸರಿ. 600 ಬಂದರೆ ಮೀಟರ್‌ನ ಫೋಟೊ ತೆಗೆದು ವಾಪಸ್ ಕಳಿಸಿ.

ಮನೆಯ ವೈರಿಂಗ್‌ಗೆ ಜೋಡಿಸುವ ವಿಷಯದಲ್ಲಿ ಒಂದೇ ಮಾತು. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು ಗೋಡೆಯ ಸಾಕೆಟ್‌ಗೆ ಹಿಮ್ಮುಖವಾಗಿ ಕರೆಂಟ್ ಕೊಡಬೇಡಿ, ಯಾರು ಮಾಡಿಕೊಡುತ್ತೇನೆ ಎಂದರೂ ಒಪ್ಪಬೇಡಿ. ಮೇನ್ ಆಫ್ ಮಾಡಲು ಮರೆತರೆ ನಿಮ್ಮ 230 ವೋಲ್ಟ್ ಓಣಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಏರಿ 11,000 ವೋಲ್ಟ್ ಲೈನಿಗೆ ಹೋಗಬಹುದು. ಕರೆಂಟ್ ಇಲ್ಲ ಎಂದು ನಂಬಿ ಕಂಬ ಹತ್ತಿದವನು ಅಲ್ಲಿರುತ್ತಾನೆ. ಇನ್ವರ್ಟರ್ ಲೈನಿಗೆ ಜೋಡಿಸಲೇಬೇಕಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಇಲ್ಲದಿದ್ದರೆ ಐಎಸ್‌ಐ ಮುದ್ರೆಯ ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದೇ ಸಾಕು.

ಮಳೆಗಾಲ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿ ತುಂಬಿಸಿ. ಫೆಬ್ರವರಿ ಮುಗಿಯುತ್ತಿದ್ದಂತೆ ಮತ್ತೆ ಕೆಲಸಕ್ಕೆ ಹಚ್ಚಿ. ಆ್ಯಪ್‌ನಲ್ಲಿ ಚಾರ್ಜ್ ಮಿತಿ ಹಾಕುವ ಸೌಲಭ್ಯವಿದ್ದರೆ 80ರಿಂದ 90ಕ್ಕೆ ನಿಲ್ಲಿಸಿ. ಗಾಳಿಮಳೆಯ ಮುನ್ಸೂಚನೆ ಬಂದ ದಿನ ಮಾತ್ರ ನೂರಕ್ಕೆ ಏರಿಸಿ. ಬದಿ ಉಬ್ಬಿದರೆ, ಕೆಟ್ಟ ವಾಸನೆ ಬಂದರೆ, ನೀರಿಗೆ ಬಿದ್ದರೆ ಮುಂದೆ ಚಾರ್ಜ್ ಮಾಡಬೇಡಿ. ಅಂಥದ್ದನ್ನು ಗುಜರಿಯವರಿಗೆ ಕೊಡುವಂತಿಲ್ಲ, ಸುತ್ತಿಗೆಯಿಂದ ಒಡೆಯುವಾಗ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹದ ಹೊಣೆ ತಯಾರಕರದು. ಎಲ್ಲಿಗೆ ಕೊಡಬೇಕು ಎಂಬುದನ್ನು ಕೊಳ್ಳುವ ದಿನವೇ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.